ಏರಿಯ ಬುಡಕ್ಕೆ ಇಳಿಯದವನಿಗೆ ನೀವು ಕೊಟ್ಟ ಹೂಗುಚ್ಛದ ಬಗ್ಗೆ

ನದಿ ಏರಿ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ಕೆಲಸ ಮಾಡಿದವಳನ್ನು ಮನೆಗೆ ಕಳಿಸಿ, ಮಾಡದವನ ಕೈಗೆ ನೀವು ಹೂಗುಚ್ಛ ಕೊಟ್ಟಿದ್ದೀರಿ. ನನ್ನ ದೂರು ಇಷ್ಟೇ. ಮಾಡದವನು ನಾನೇ ಆಗಿರುವುದರಿಂದ ಸಾಕ್ಷಿಗಾಗಿ ನೀವು ಎಲ್ಲೂ ಅಲೆಯಬೇಕಾಗಿಲ್ಲ. ಸಮಿತಿ, ಉಪಸಮಿತಿ, ಅವರ ಕಾಫಿ, ಜೊತೆಗೊಂದು ಬಿಸ್ಕತ್ತು, ಯಾವುದೂ ಬೇಡ. ಆ ಹೂಗುಚ್ಛ ನೀವು ಕೊಟ್ಟು ಮೂರು ವಾರ ಕಳೆದರೂ ಇನ್ನೂ ನಮ್ಮ ಅಡುಗೆಮನೆಯ ಮೇಜಿನ ಮೇಲಿದೆ. ಹೂವೆಲ್ಲ ಒಣಗಿವೆ. ಎಸೆಯಲು ಕೈ ಬರುತ್ತಿಲ್ಲ, ಇಟ್ಟುಕೊಳ್ಳಲು ಮುಖವಿಲ್ಲ.

ಇದನ್ನು ನಿಮ್ಮ ಕಚೇರಿಗೇ ಕಳಿಸಬಹುದಿತ್ತು. ಆದರೆ ಬಂದ ಪತ್ರಕ್ಕೆ ಆರು ವಾರದೊಳಗೆ ಉತ್ತರಿಸಬೇಕೆಂಬುದು ನಿಮ್ಮ ನಿಯಮ. ಅವಸರಪಟ್ಟು ಐದನೆಯ ವಾರದಲ್ಲೇ ಉತ್ತರಿಸಿದ ಉದಾಹರಣೆ ನನ್ನ ಇಪ್ಪತ್ತೈದು ವರ್ಷದ ನೌಕರಿಯಲ್ಲಿ ಕಂಡಿಲ್ಲ. ನನ್ನ ಜೊತೆಯ ಏರಿ ಕಾವಲುಗಾರ್ತಿ ಡಿನೆಕೆ ಫೆರ್ವೂರ್ಟ್ ತನ್ನ ವಜಾ ಆದೇಶದ ವಿರುದ್ಧ ಆಕ್ಷೇಪಣೆ ಸಲ್ಲಿಸಲು ಉಳಿದಿರುವುದು ಹನ್ನೊಂದೇ ದಿನ. ಅವಳು ಸಲ್ಲಿಸುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು, ಯಾಕೆಂದು ಮುಂದೆ ಹೇಳುತ್ತೇನೆ. ಹನ್ನೊಂದು ದಿನ ಕಳೆದರೆ ಇಪ್ಪತ್ತೆರಡು ವರ್ಷ ಏರಿ ಕಾದ ಹೆಂಗಸು 'ಏರಿ ಜರಿಯಲು ಕಾರಣಳಾದವಳು' ಎಂದು ನಿಮ್ಮ ಕಡತದಲ್ಲಿ ಶಾಶ್ವತವಾಗಿ ಉಳಿಯುತ್ತಾಳೆ. ಅದಕ್ಕಾಗಿ ಊರಿನ ಪ್ರತಿ ಮನೆಯ ಬಾಗಿಲಿಗೂ ಬೀಳುವ ಈ ವಾರಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇಲ್ಲಿಯಾದರೆ ನನಗೂ ಹಿಂದೆ ಸರಿಯಲು ದಾರಿಯಿರುವುದಿಲ್ಲ.

ಊರಿನವರಿಗೆ ನಮ್ಮ ಕೆಲಸ ಏನೆಂದು ವಿವರಿಸಬೇಕಾಗಿಲ್ಲ, ನಿಮಗೆ ಸ್ವಲ್ಪ ವಿವರಿಸಬೇಕಾದೀತು. ನೀವು ಬಂದು ಎರಡು ವರ್ಷವಾಯಿತು. ಏರಿಯ ಮೇಲೆ ರಿಬ್ಬನ್ ಕತ್ತರಿಸುವಾಗ ನಿಮ್ಮನ್ನು ನೋಡಿದ್ದೇವೆ, ಬುಡದಲ್ಲಿ ಯಾರೂ ನೋಡಿಲ್ಲ. ಈ ಒಂದು ವಿಷಯದಲ್ಲಿ ನಾನೂ ನೀವೂ ಒಂದೇ ಗುಂಪಿನವರು.

ನದಿ ಉಬ್ಬಿದಾಗ ಏರಿ ನೋಡಲು ಇಬ್ಬರು ಹೋಗಬೇಕೆಂಬುದು ನಮ್ಮೆಲ್ಲರಿಗಿಂತ ಹಳೆಯ ಪದ್ಧತಿ. ಒಬ್ಬರು ಏರಿಯ ನೆತ್ತಿಯಲ್ಲಿ ನಡೆಯುತ್ತಾರೆ, ಇನ್ನೊಬ್ಬರು ಒಳಬದಿಯ ಬುಡದಲ್ಲಿ. ನೆತ್ತಿಯಲ್ಲಿ ಡಾಂಬರು ರಸ್ತೆಯಿದೆ, ಸೈಕಲ್ಲಿನಲ್ಲಿ ಹೋಗುವವರು ಕೈಯೆತ್ತಿ ಮಾತಾಡಿಸುತ್ತಾರೆ. ಬುಡದಲ್ಲಿ ಚರಂಡಿ, ಜೊಂಡು, ಕುರಿ ಹಿಕ್ಕೆ, ಮೊಣಕಾಲುದ್ದದ ಕೆಸರು. ಉಬ್ಬಿದ ನದಿಯ ನೀರು ಏರಿಯ ಅಡಿಯಿಂದ ನುಸುಳಿ ಒಳಬದಿಯಲ್ಲಿ ಒರತೆಯಾಗಿ ಏಳುತ್ತದೆ. ಆ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಮರಳು ಹೊತ್ತು ತಂದರೆ ಏರಿಯ ಹೊಟ್ಟೆ ಒಳಗೊಳಗೇ ಟೊಳ್ಳಾಗುತ್ತಿದೆ ಎಂದರ್ಥ. ಕೂಡಲೇ ಸುತ್ತ ಮರಳಿನ ಚೀಲ ಪೇರಿಸಬೇಕು. ನೆತ್ತಿಯಿಂದ ನೋಡಿದರೆ ಎರಡು ನೀರೂ ಒಂದೇ ಥರ ಹೊಳೆಯುತ್ತವೆ. ಕೆಳಗಿಳಿದು, ಬಗ್ಗಿ, ನೀರು ತುಂಬಿಕೊಂಡು, ಬೆಳಕಿಗೆ ಹಿಡಿದು, ತಳದಲ್ಲಿ ಏನಾದರೂ ಕೂರುತ್ತದೆಯೇ ಎಂದು ಕಾಯಬೇಕು. ಡಿನೆಕೆ ಅದಕ್ಕೆಂದೇ ಜಾಮಿನ ಖಾಲಿ ಬಾಟಲಿಯೊಂದನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದಳು. ಇಟ್ಟಿಗೆ ಭಟ್ಟಿಯ ಚಿಮಣಿಯಿಂದ ಹೊರಟು ಅರ್ಧ ದಾರಿಗೆ, ದೋಣಿಗಟ್ಟೆಯ ಬಳಿ, ಕಾಫಿ ಕುಡಿದು ಇಬ್ಬರೂ ಜಾಗ ಬದಲಾಯಿಸಿಕೊಳ್ಳಬೇಕು: ಬುಡದವರು ನೆತ್ತಿಗೆ, ನೆತ್ತಿಯವರು ಬುಡಕ್ಕೆ. ಹದಿನಾಲ್ಕು ವರ್ಷದಲ್ಲಿ ನಾನು ಈ ಪದ್ಧತಿಯ ಕಾಫಿಯನ್ನು ಒಂದು ದಿನವೂ ತಪ್ಪಿಸಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಬುಡದಲ್ಲಿ ಜಾರಿ ನನ್ನ ಬಲ ಮಂಡಿ ಉಳುಕಿತು. ಅದು ನಿಜ. ಆರು ವಾರದಲ್ಲಿ ವಾಸಿಯಾಯಿತು. ಅದೂ ನಿಜ, ಆದರೆ ಅದನ್ನು ನಾನು ಯಾರಿಗೂ ಹೇಳಲಿಲ್ಲ. ಆ ಆರು ವಾರ ಡಿನೆಕೆ ಎರಡೂ ಅರ್ಧ ತಾನೇ ಇಳಿದಿದ್ದಳು. ಏಳನೆಯ ವಾರವೂ ಇಳಿದಳು. ನಾನು ಸುಮ್ಮನಿದ್ದೆ. ಮೈಗಳ್ಳತನ ಎಂದರೆ ಏನೋ ದೊಡ್ಡ ಸಂಚು ಎಂದುಕೊಳ್ಳಬೇಡಿ ಮಾನ್ಯರೇ. ಒಂದು ಸೋಮವಾರ ಹೇಳಬೇಕಾದ ಮಾತನ್ನು ಹೇಳದೆ ಇರುವುದು, ಅಷ್ಟೇ. ಮಂಗಳವಾರಕ್ಕೆ ಅದು ಅಭ್ಯಾಸವಾಗುತ್ತದೆ. ನನ್ನ ಮಂಡಿ ಕಚೇರಿಯ ವೇಳೆಯಲ್ಲಿ ಮಾತ್ರ ನೋಯತೊಡಗಿತು. ಶನಿವಾರ ಅದೇ ಮಂಡಿ ಅರವತ್ತು ಕಿಲೋಮೀಟರ್ ಸೈಕಲ್ ತುಳಿಯುತ್ತಿತ್ತು.

ಒಂದು ಚಳಿಗಾಲ ಏರಿಯ ಹಿಂದಿನ ಹುಲ್ಲುಗಾವಲಿನ ನೀರೆಲ್ಲ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಊರಿಗೆ ಊರೇ ಸ್ಕೇಟು ಕಟ್ಟಿಕೊಂಡು ಹೊರಬಿದ್ದಿತ್ತು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ದೇಹ ಬಗ್ಗಿಸಿ, ನನ್ನ ಮಟ್ಟಿಗೆ ಬಹಳ ಸೊಗಸಾಗಿ ಜಾರುತ್ತ ಹೋಗುತ್ತಿದ್ದಾಗ ದಡದಲ್ಲಿ ಡಿನೆಕೆ ನಿಂತಿದ್ದಳು. ಕೈಯೆತ್ತಿದಳು. ನಾನೂ ಎತ್ತಿದೆ, ಬೇರೆ ದಾರಿಯಿರಲಿಲ್ಲ. ಸೋಮವಾರ ಬೆಳಿಗ್ಗೆ ಗಾಡಿ ಇಳಿಯುವಾಗ ಕೇಳಿದಳು.

"ಮಂಡಿ ಹೇಗಿದ್ಯೋ?"

"ಪರವಾಗಿಲ್ಲ. ಚಳಿಗೆ ಸ್ವಲ್ಪ ಹಿಡ್ಕೊಂಡಿದೆ."

"ಹೌದಾ? ಮಂಜುಗಡ್ಡೆ ಮಂಡಿಗೆ ಒಳ್ಳೇದಂತಪ್ಪ. ದಿನಾ ಹೋಗು."

ಅಷ್ಟು ಹೇಳಿ ಬೂಟು ಏರಿಸಿಕೊಂಡು ಬುಡಕ್ಕೆ ಇಳಿದೇಬಿಟ್ಟಳು. ನನಗೆ ಆಗ ನಾಚಿಕೆಯಾಯಿತೇ ಎಂದು ಕೇಳಿದರೆ, ಆಯಿತು. ದೋಣಿಗಟ್ಟೆ ತಲುಪುವವರೆಗೆ ಇತ್ತು. ಕಾಫಿ ಬಿಸಿಯಾಗಿತ್ತು.

ಅವಳು ನನ್ನನ್ನು ಸುಮ್ಮನೆ ಬಿಟ್ಟಳೆಂದಲ್ಲ. ನಮ್ಮದು ಮುಖ ನೋಡಿ ನೇರವಾಗಿ ಮಾತಾಡುವ ಜನ ಎಂದು ನಾವೇ ನಮ್ಮ ಬೆನ್ನು ತಟ್ಟಿಕೊಳ್ಳುತ್ತೇವಲ್ಲ, ಅವಳು ಹಾಗೆಯೇ ಮಾಡಿದಳು. ಎಂಟು ವರ್ಷದ ಹಿಂದೆ ದೋಣಿಗಟ್ಟೆಯಲ್ಲಿ ಕಾಫಿಯ ಲೋಟ ಕೆಳಗಿಟ್ಟು ಹೇಳಿದಳು.

"ಎವರ್ಟ್, ನಿನ್ನ ಮಂಡಿ ವಾಸಿಯಾಗಿ ವರ್ಷಗಳಾಯ್ತು. ನನಗೂ ಗೊತ್ತು, ನಿನಗೂ ಗೊತ್ತು, ಆ ಕುರಿಗಳಿಗೂ ಗೊತ್ತು. ಇವತ್ತು ನೀನು ಇಳಿ."

"ಡಾಕ್ಟ್ರು ಇಳಿಜಾರು ಬೇಡ ಅಂದಿದ್ದಾರೆ ಕಣೆ."

"ಯಾವ ಡಾಕ್ಟ್ರು? ಹೆಸರು ಹೇಳು. ನನ್ನ ಸೊಂಟಾನೂ ತೋರಿಸ್ಬೇಕು."

ನಾನು ನದಿಯ ಕಡೆ ನೋಡಿದೆ. ಹೆಸರು ಹೇಳಲಾಗದವನಿಗೆ ನದಿ ಬಹಳ ಅನುಕೂಲ. ಅವಳು ವಿಭಾಗದ ಮೇಲಧಿಕಾರಿಯವರೆಗೆ ಹೋದಳು. ಅಲ್ಲಿಂದ ಬಂದ ಪರಿಹಾರ ನಿಮ್ಮ ಕಡತದಲ್ಲಿರಬೇಕು, ತೆಗೆದು ನೋಡಿ: 'ಸಂವಾದ ದಿನ'. ಊರಾಚೆಯ ಹೋಟೆಲಿನ ಸಭಾಂಗಣದಲ್ಲಿ ನಮ್ಮಿಬ್ಬರನ್ನು ಎದುರುಬದುರು ಕೂರಿಸಿ, ಹಸಿರು ಹಳದಿ ಕಾರ್ಡು ಹಿಡಿದ ತರಬೇತುದಾರರೊಬ್ಬರು ನಡುವೆ ಕೂತರು.

"ಎವರ್ಟ್, ಡಿನೆಕೆ ಬುಡಕ್ಕಿಳಿದಾಗ ನಿಮ್ಮ ಮನಸ್ಸಿನಲ್ಲಿ ಏನಾಗುತ್ತೆ?"

"ತುಂಬಾ ಕಳವಳ ಆಗುತ್ತೆ," ಎಂದೆ. "ಎಲ್ಲಿ ಜಾರಿಬಿಡ್ತಾಳೋ ಅಂತ."

ತರಬೇತುದಾರರಿಗೆ ಕಣ್ಣು ತುಂಬಿ ಬಂತು. ನನಗೆ ಹಸಿರು ಕಾರ್ಡು ಸಿಕ್ಕಿತು. ಡಿನೆಕೆ, "ನನಗೆ ಕಾರ್ಡೂ ಬೇಡ, ಕಳವಳಾನೂ ಬೇಡ, ಇವನು ಇಳಿದ್ರೆ ಸಾಕು" ಎಂದಳು.

"ಬೆರಳು ತೋರಿಸೋದು ಬೇಡ ಡಿನೆಕೆ. 'ನಾನು' ಅಂತ ಶುರು ಮಾಡಿ."

"ಆಯ್ತು. ನಾನು ಆರು ವರ್ಷದಿಂದ ಇವನ ಕೆಲಸ ಮಾಡ್ತಿದ್ದೀನಿ."

ಅವಳಿಗೆ ಹಳದಿ ಕಾರ್ಡು. 'ತಂಡದಲ್ಲಿ ಪರಸ್ಪರ ಕಾಳಜಿ ಉತ್ತಮವಾಗಿದೆ. ಡಿನೆಕೆಯವರು ಇನ್ನಷ್ಟು ಸೌಮ್ಯವಾಗಿ ವ್ಯಕ್ತಪಡಿಸುವುದನ್ನು ರೂಢಿಸಿಕೊಳ್ಳಬಹುದು' ಎಂದು ವರದಿ ಬಂತು. ಅಂದಿನಿಂದ ಅವಳು ಕೇಳುವುದನ್ನು ಬಿಟ್ಟಳು. ಒಬ್ಬ ಕೆಲಸಗಳ್ಳನನ್ನು ಸರಿಪಡಿಸಲು ಸಾಧ್ಯವಿದ್ದ ಒಬ್ಬಳೇ ಒಬ್ಬಳನ್ನು ನೀವು ತರಬೇತಿ ಕೊಟ್ಟು ಬಾಯಿ ಮುಚ್ಚಿಸಿದಿರಿ. 'ನೀವು' ಎಂದರೆ ನಿಮ್ಮ ಹಿಂದಿನವರು. ಕುರ್ಚಿ ಅದೇ, ಆದ್ದರಿಂದ ತಪ್ಪು ತಿಳಿಯಬೇಡಿ. ಆದರೆ ನಿಮ್ಮ ಹೆಗಲಿಗೆ ಹಾಕಿ ನಾನು ಜಾರಿಕೊಳ್ಳುತ್ತಿದ್ದೇನೆ ಎಂದೂ ತಿಳಿಯಬೇಡಿ. ಜಾರಿಕೊಳ್ಳುವುದರಲ್ಲಿ ನನಗಿರುವ ಅನುಭವ ದೊಡ್ಡದು, ಆದ್ದರಿಂದ ಅದನ್ನು ನಾನೇ ಗುರುತಿಸಬಲ್ಲೆ. ಹಸಿರು ಕಾರ್ಡನ್ನು ಜೇಬಿಗೆ ಹಾಕಿಕೊಂಡ ಕೈ ನನ್ನದೇ.

ಈಗ ಫೆಬ್ರವರಿಯ ಆ ದಿನಕ್ಕೆ ಬರುತ್ತೇನೆ. ನದಿ ಉಬ್ಬಿ ನಾಲ್ಕನೆಯ ದಿನ. ನೀರು ಏರಿದಾಗ ಎಲ್ಲರ ರಜೆಯೂ ರದ್ದು ಎಂಬುದು ನಿಮ್ಮ ನಿಯಮ. ಅದೇ ಬೆಳಿಗ್ಗೆ ಡಿನೆಕೆಯ ಗಂಡನಿಗೆ ಕಣ್ಣಿನ ಶಸ್ತ್ರಚಿಕಿತ್ಸೆ. ಆ ದಿನಾಂಕಕ್ಕಾಗಿ ಅವರು ಏಳು ತಿಂಗಳು ಕಾದಿದ್ದರು. ಚಿಮಣಿಯ ಬಳಿ ಗಾಡಿ ನಿಲ್ಲಿಸಿದಾಗ ಅವಳ ಮುಖ ನೋಡಿ ನಾನೇ ಹೇಳಿದೆ. ಗಮನಿಸಿ ಮಾನ್ಯರೇ, ಅವಳು ಕೇಳಲಿಲ್ಲ, ನಾನೇ ಹೇಳಿದೆ.

"ಹೋಗೇ ನೀನು. ಮೂರು ಗಂಟೆ ಹೊತ್ತು ತಾನೆ? ಇಷ್ಟು ವರ್ಷ ನೀನು ಇಳಿದಿದ್ದೀಯ, ಒಂದು ದಿನ ನಾನು ಇಳಿಯಲ್ವಾ?"

ಅವಳು ನಕ್ಕಳು. "ಬರೆದು ಕೊಡು, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತೀನಿ." ಆಮೇಲೆ ನಗು ನಿಲ್ಲಿಸಿ ಜೇಬಿನಿಂದ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟಳು. "ಹೆಂಡ್ರಿನಳ ತೋಟದಲ್ಲಿ, ಏರಿ ಕಡೆಯಿಂದ ಮೂರನೇ ಚೆರ್ರಿ ಮರದ ಬುಡದಲ್ಲಿ ಒಂದು ಒರತೆ ಎದ್ದಿದೆ. ನಿನ್ನೆ ತಿಳಿಯಾಗಿತ್ತು. ನಂಗ್ಯಾಕೋ ಸರಿ ಕಾಣ್ಲಿಲ್ಲ. ಅದೊಂದನ್ನ ನೋಡ್ಬಿಡೋ. ಬೇರೆ ಏನು ಬಿಟ್ರೂ ಅದನ್ನ ಬಿಡಬೇಡ."

"ಆಯ್ತು ಮಾರಾಯ್ತಿ, ಹೊರಡು."

ಹೆಂಡ್ರಿನ ಎಂದರೆ ಏರಿಯ ಮಗ್ಗುಲಿಗೇ ಮನೆ ಮಾಡಿಕೊಂಡು ಚೆರ್ರಿ ಬೆಳೆಯುವ ಹೆಂಗಸು. ಬೇಸಿಗೆಯಲ್ಲಿ ರಸ್ತೆ ಬದಿಯ ಅವಳ ಅಂಗಡಿಯಲ್ಲಿ ನೀವೂ ಹಣ್ಣು ಕೊಂಡಿರಬಹುದು. ನಾನು ಅವಳ ತೋಟದ ನೇರಕ್ಕೆ, ಏರಿಯ ನೆತ್ತಿಯಲ್ಲಿ ಗಾಡಿ ನಿಲ್ಲಿಸಿದೆ. ಮಳೆಯೂ ಅಲ್ಲದ ಹಿಮವೂ ಅಲ್ಲದ ಒಂದು ಹಾಳು ತುಂತುರು ಮುಖಕ್ಕೆ ರಾಚುತ್ತಿತ್ತು. ಹುಲ್ಲು ಜಾರುತ್ತಿತ್ತು. ಮೂರನೆಯ ಮರದ ಬುಡದಲ್ಲಿ ನೀರು ಹೊಳೆಯುವುದು ಮೇಲಿಂದಲೇ ಕಾಣಿಸಿತು. ನಿನ್ನೆ ತಿಳಿಯಾಗಿತ್ತಂತೆ, ಇವತ್ತೂ ಇದ್ದೀತು ಎಂದುಕೊಂಡೆ. ಗಾಡಿಯೊಳಗೆ ಕೂತು, ಹೆಂಡತಿ ಕಟ್ಟಿಕೊಟ್ಟ ಬ್ರೆಡ್ಡು ಚೀಸು ತಿಂದೆ. ಬಾಟಲಿ ಪಕ್ಕದ ಸೀಟಿನ ಮೇಲಿತ್ತು. ಇಳಿದಿದ್ದರೆ ಇಪ್ಪತ್ತು ಹೆಜ್ಜೆ. ಆಮೇಲೆ ಎಣಿಸಿದ್ದೇನೆ.

ಆಮೇಲೆ ವರದಿ ತುಂಬಲು ನೀವು ಕೊಟ್ಟಿರುವ ಟ್ಯಾಬ್ ತೆಗೆದೆ. 'ನೆತ್ತಿ: ಸರಿಯಿದೆ', ನನ್ನ ಹೆಸರಿನ ಮೊದಲಕ್ಷರಗಳು. 'ಬುಡ: ನೀರು ತಿಳಿ'. ಅಲ್ಲಿಯೂ ನನ್ನ ಅಕ್ಷರಗಳನ್ನೇ ಹಾಕಿದರೆ ಮುಂದಿನ ಪುಟ ತೆರೆಯಲಿಲ್ಲ. ಇಬ್ಬರ ಹೆಸರು ಬೇಕೆಂದು ಕೆಂಪು ಗೆರೆ ಬಂತು. ಎಷ್ಟು ಎಚ್ಚರದ ಯಂತ್ರ ನೋಡಿ! ಎರಡು ಹೆಸರಿವೆಯೇ ಎಂದು ಅದು ನೋಡುತ್ತದೆ, ಇಬ್ಬರು ಮನುಷ್ಯರಿದ್ದಾರೆಯೇ ಎಂದಲ್ಲ. ನಾನು ಬುಡದ ಖಾನೆಯಲ್ಲಿ ಡಿನೆಕೆಯ ಅಕ್ಷರಗಳನ್ನು ಒತ್ತಿದೆ. ಪುಟ ತೆರೆಯಿತು. ಇಷ್ಟು ವರ್ಷ ಆ ಖಾನೆಯಲ್ಲಿ ಅವಳ ಹೆಸರನ್ನೇ ಕಂಡು ಕಂಡು, ಅದು ಸುಳ್ಳು ಎಂದು ನನಗೆ ಆ ಕ್ಷಣದಲ್ಲಿ ಅನ್ನಿಸಲೂ ಇಲ್ಲ.

ಮಧ್ಯಾಹ್ನ ಮೂರೂವರೆಗೆ ತೋಟದ ಬಳಿ ಏರಿಯ ಒಳಬದಿ ಜರಿದು, ಹೆಂಡ್ರಿನಳ ಅಡುಗೆಮನೆಯ ಗೋಡೆಯನ್ನು ಒಳಕ್ಕೆ ತಳ್ಳಿತು. ಅವಳ ಎಡಗೈ ಮುರಿಯಿತು. ಏಳು ಚೆರ್ರಿ ಮರ ಬೇರು ಮೇಲಾಗಿ ಬಿದ್ದವು. ಊರಿನವರು, ಸೈನಿಕರು, ಶಾಲೆಯ ಮೇಷ್ಟರುಗಳು ಎಲ್ಲರೂ ಸಾಲಾಗಿ ನಿಂತು ಮರಳಿನ ಚೀಲ ದಾಟಿಸಿದ್ದರಿಂದ ನದಿ ಒಳನುಗ್ಗಲಿಲ್ಲ. ಆ ಸಾಲಿನಲ್ಲಿ ಡಿನೆಕೆಯೂ ಇದ್ದಳು. ಗಂಡನನ್ನು ಮನೆಗೆ ಬಿಟ್ಟು, ಆಸ್ಪತ್ರೆಗೆ ಹಾಕಿಕೊಂಡು ಹೋಗಿದ್ದ ಒಳ್ಳೆಯ ಬೂಟಿನಲ್ಲೇ ಓಡಿಬಂದಿದ್ದಳು. ನನ್ನ ಕೈಯಿಂದ ಚೀಲ ಇಸಿದುಕೊಳ್ಳುವಾಗ ಒಂದೇ ಮಾತು ಕೇಳಿದಳು.

"ನೋಡಿದ್ಯಾ?"

ನಾನು ಮುಂದಿನ ಚೀಲ ಎತ್ತಲು ತಿರುಗಿದೆ. ಅವಳಿಗೆ ಉತ್ತರ ಸಿಕ್ಕಿತು.

ಹದಿನಾಲ್ಕು ದಿನ ಬಿಟ್ಟು ವಿಚಾರಣೆ ನಡೆಯಿತು. ಹಳೆಯ ಅಧ್ಯಕ್ಷರೆಲ್ಲ ಚಿನ್ನದ ಚೌಕಟ್ಟಿನೊಳಗಿಂದ ನೋಡುತ್ತಿರುವ ನಿಮ್ಮ ಆ ಸಭಾಂಗಣ, ದುಂಡು ಮೇಜು. ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬಂದು ಮುಚ್ಚಿಕೊಂಡಿತು. ನೀವು ಟ್ಯಾಬನ್ನು ಡಿನೆಕೆಯ ಮುಂದೆ ಸರಿಸಿ, "ಇವು ನಿಮ್ಮ ಅಕ್ಷರಗಳೇ?" ಎಂದು ಕೇಳಿದಿರಿ. ಅವಳು ಅದನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ನೀವು ಆಗ ನೀರು ಕುಡಿಯುತ್ತಿದ್ದಿರಿ, ಗಮನಿಸಿರಲಿಕ್ಕಿಲ್ಲ.

"ಆ ಜಾಗ ನನ್ನದು," ಎಂದಳು. "ನಾನು ಅಲ್ಲಿ ಇರಬೇಕಿತ್ತು."

ನೀವು ಅದನ್ನು 'ಹೌದು' ಎಂದು ಬರೆದುಕೊಂಡಿರಿ. ನಂತರ ನನ್ನ ಕಡೆ ತಿರುಗಿ, ಬಹಳ ಗೌರವದಿಂದಲೇ, "ನಿಮಗೆ ಸೇರಿಸಲು ಏನಾದರೂ ಇದೆಯೇ?" ಎಂದಿರಿ.

ನಾನು "ಇಲ್ಲ" ಎಂದೆ.

ಸಭೆ ಮುಗಿದಾಗ ಸೈಕಲ್ ನಿಲ್ಲಿಸುವ ಜಾಗದಲ್ಲಿ ಅವಳು ಬೀಗ ತೆಗೆಯುತ್ತಿದ್ದಳು. ನಾನು ಹತ್ತಿರ ಹೋದೆ. ಯಾಕೆ ಹೋದೆನೋ. ಬೈಸಿಕೊಂಡರೆ ಹಗುರವಾದೀತು ಎಂಬ ಆಸೆ ಇತ್ತೆಂದು ಕಾಣುತ್ತದೆ.

"ಯಾಕೇ ಹೇಳ್ಲಿಲ್ಲ?" ಎಂದು ಕೇಳಿದೆ. ಈ ಪ್ರಶ್ನೆ ಕೇಳಲು ನನಗೆ ನಾಲಿಗೆಯಾದರೂ ಹೇಗೆ ಬಂತು?

ಅವಳು ಬೀಗವನ್ನು ಚೀಲಕ್ಕೆ ಹಾಕಿಕೊಂಡಳು. ಸಿಟ್ಟಿರಲಿಲ್ಲ ಧ್ವನಿಯಲ್ಲಿ. "ಹದಿನಾಲ್ಕು ವರ್ಷ ನಿನ್ನ ಪಾಲಿನ ಕೆಲಸ ನಾನೇ ಮಾಡಿದೀನಿ ಎವರ್ಟ್. ಇದೊಂದನ್ನಾದರೂ ನೀನು ಮಾಡ್ತೀಯ ಅಂತ ಕಾದೆ."

ಸೈಕಲ್ ಹತ್ತಿ ಹೊರಟುಹೋದಳು. ಅವಳು ಆಕ್ಷೇಪಣೆ ಸಲ್ಲಿಸುವುದಿಲ್ಲ ಎಂದು ಹೇಗೆ ಗೊತ್ತು ಎಂದರೆ, ಹೀಗೆ. ಅದು ನನ್ನ ಪಾಲಿನ ಕೆಲಸ. ಅದನ್ನೂ ಅವಳೇ ಮಾಡಿಕೊಡುವುದಿಲ್ಲ.

ಅದಾಗಿ ಒಂದು ವಾರಕ್ಕೆ ನನ್ನ ಸೇವೆಗೆ ಇಪ್ಪತ್ತೈದು ವರ್ಷ ತುಂಬಿತು. ನೀವು ನನ್ನ ಕೈ ಕುಲುಕಿ, 'ಏರಿಯಂತೆಯೇ ಗಟ್ಟಿ ಮನುಷ್ಯ' ಎಂದಿರಿ. ಒಂದು ಪಕ್ಕ ಜರಿದ ಏರಿಯ ಚಿತ್ರ ಎಲ್ಲ ಪತ್ರಿಕೆಯಲ್ಲೂ ಬಂದಿದ್ದ ತಿಂಗಳಲ್ಲಿ ಈ ಹೋಲಿಕೆ ನಿಮಗೆ ಹೊಳೆದದ್ದು ಹೇಗೋ ತಿಳಿಯದು, ಆದರೆ ನನ್ನ ಬಗ್ಗೆ ಅಷ್ಟು ನಿಖರವಾಗಿ ಯಾರೂ ಮಾತಾಡಿರಲಿಲ್ಲ. ಕಚೇರಿಯ ಶೌಚಾಲಯದಲ್ಲಿ ತೂಗುಹಾಕಿರುವ ಹುಟ್ಟುಹಬ್ಬದ ಕ್ಯಾಲೆಂಡರಿನಲ್ಲಿ ಡಿನೆಕೆಯ ಹೆಸರು ಇನ್ನೂ ಇದೆ, ಏಪ್ರಿಲ್ ಒಂಬತ್ತು. ಹಾಜರಿ ಪಟ್ಟಿಯಿಂದ ತೆಗೆದವರು ಅಲ್ಲಿಂದ ತೆಗೆಯಲು ಮರೆತಿದ್ದಾರೆ. ಹೂಗುಚ್ಛ ಸಿಕ್ಕ ದಿನ ಕೇಕು ತಿಂದು ಅಲ್ಲಿಗೆ ಹೋದವನು ಆ ಹೆಸರಿನ ಎದುರು ಎಷ್ಟು ಹೊತ್ತು ನಿಂತಿದ್ದೆನೋ, ಹೊರಗೆ ಯಾರೋ ಬಾಗಿಲು ತಟ್ಟಿದರು. ಮನೆಗೆ ಹೋದರೆ ಹೆಂಡತಿ ಹೂವಿಗೆ ನೀರು ತುಂಬುತ್ತ, "ಡಿನೆಕೆಗೂ ಏನಾದ್ರೂ ಕೊಟ್ರಾ? ಅವಳೂ ಎಷ್ಟೊಂದು ವರ್ಷ ಮಾಡಿದ್ದಾಳಲ್ಲ" ಎಂದಳು. ಅವಳಿಗೂ ನಾನು ಹೇಳಿರಲಿಲ್ಲ.

ಶನಿವಾರ ಬ್ರೆಡ್ಡಿನ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಮುಂದೆ ಡಿನೆಕೆ. ಅಂಗಡಿಯಾಕೆ ಅವಳ ಬ್ರೆಡ್ಡನ್ನು ಕೊಯ್ಯುತ್ತ, ಯಾರಿಗೂ ಅಲ್ಲದ ಹಾಗೆ, "ಪಾಪ ಹೆಂಡ್ರಿನ, ಕೈ ಮುರ್ಕೊಂಡು ತೋಟದಲ್ಲಿ ನಿಲ್ಲಿಸಿರೋ ಚಕ್ರದ ಗಾಡಿಮನೆಯಲ್ಲಿ ಮಲಗ್ತಾಳೆ. ನೋಡ್ಕೊಳ್ಳೋವ್ರು ನೋಡ್ಕೊಂಡಿದ್ರೆ ಈ ಗತಿ ಬರ್ತಿತ್ತಾ?" ಎಂದಳು. ಡಿನೆಕೆ ದುಡ್ಡು ಕೊಟ್ಟು, ಬ್ರೆಡ್ಡು ತೆಗೆದುಕೊಂಡು, ನನ್ನ ಪಕ್ಕದಲ್ಲೇ ಹಾದುಹೋದಳು. ಅಂಗಡಿಯಾಕೆ ನನ್ನನ್ನು ಕಂಡು ಮುಖ ಅರಳಿಸಿದಳು. "ಇಪ್ಪತ್ತೈದು ವರ್ಷ ಅಂತೆ! ಅಭಿನಂದನೆ ಕಣ್ರೀ!" ಬಾಗಿಲಿನ ಗಂಟೆ ಇನ್ನೂ ಅಲುಗಾಡುತ್ತಿತ್ತು, ಡಿನೆಕೆಗೆ ಕೇಳಿಸಿರಬೇಕು. ನಾನು "ಧನ್ಯವಾದ" ಎಂದೆ. ಮಾನ್ಯರೇ, ನಾನು ಧನ್ಯವಾದ ಹೇಳಿದೆ.

ಮೊನ್ನೆ ಮಂಗಳವಾರ ನಾನು ಬುಡಕ್ಕೆ ಇಳಿದೆ. ಯಾರೂ ಹೇಳಿರಲಿಲ್ಲ, ನದಿಯೂ ಇಳಿದಿದೆ, ನೋಡುವಂಥದ್ದೇನೂ ಇರಲಿಲ್ಲ. ಬಾಟಲಿ ಹಿಡಿದು ಚಿಮಣಿಯಿಂದ ದೋಣಿಗಟ್ಟೆಯವರೆಗೆ ನಡೆದೆ. ಬೂಟಿನೊಳಕ್ಕೆ ತಣ್ಣೀರು ನುಗ್ಗುತ್ತದೆ, ಜೊಂಡು ಮೊಣಕೈ ಗೀರುತ್ತದೆ. ಒಂದು ಕಡೆ ನಿಂತು ಮೇಲೆ ನೋಡಿದೆ. ಏರಿಯಾಚೆ ಹೋಗುತ್ತಿದ್ದ ಹಡಗಿನ ಚುಕ್ಕಾಣಿ ಕೋಣೆ ನನ್ನ ತಲೆಗಿಂತ ಬಹಳ ಎತ್ತರದಲ್ಲಿ ಸಾಗುತ್ತಿತ್ತು. ನದಿ ಎಲ್ಲಿದೆ, ನಾವು ಎಲ್ಲಿದ್ದೇವೆ ಎಂಬುದು ಕೆಳಗಿಳಿದರೆ ಮಾತ್ರ ಗೊತ್ತಾಗುತ್ತದೆ. ಡಿನೆಕೆ ಪ್ರತಿ ವರ್ಷ ಅದನ್ನು ನೋಡಿಕೊಂಡೇ ನಡೆದಿದ್ದಳು, ಮತ್ತು ಮೇಲಿಂದ ನಾನು, "ಬೇಗ ಬಾರೇ, ಕಾಫಿ ಆರುತ್ತೆ" ಎಂದು ಕೂಗುತ್ತಿದ್ದೆ.

ತೋಟದ ಬಳಿ ಗಾಡಿಮನೆಯ ಮೆಟ್ಟಿಲಲ್ಲಿ ಹೆಂಡ್ರಿನ ಕೂತಿದ್ದಳು, ಕೈಗೆ ಇನ್ನೂ ಕಟ್ಟು. ನನ್ನನ್ನು ಕಂಡು ಹುಬ್ಬೇರಿಸಿದಳು.

"ಏನಪ್ಪಾ ಎವರ್ಟ್, ಕೆಳಗಡೆ?! ದಾರಿ ತಪ್ಪಿತಾ?"

ಅಂದರೆ ಅವಳಿಗೂ ಗೊತ್ತಿತ್ತು. ನಾನು ನಗಲು ಪ್ರಯತ್ನಪಟ್ಟೆ. ಅವಳೇ ಮುಂದುವರಿಸಿದಳು.

"ಡಿನೆಕೆ ದಿನಾ ಇಲ್ಲಿ ಬಾಟಲಿ ಎತ್ತಿ ನೋಡಿ, ಕಿಟಕಿ ಕಡೆ ಹೆಬ್ಬೆರಳು ತೋರಿಸಿ ಹೋಗ್ತಿದ್ಲು. ಆ ದಿನ ಬರಲೇ ಇಲ್ಲ. ಮಧ್ಯಾಹ್ನ ನೀರು ಹಾಲಿನ ಥರ ಆಗಿತ್ತು. ಫೋನ್ ಮಾಡೋಣ ಅಂತಲೇ ಎದ್ದೆ. ಆಮೇಲೆ ಅಂದ್ಕೊಂಡೆ, ಬೆಳಿಗ್ಗೆ ಏರಿ ಮೇಲೆ ಅವರ ಗಾಡಿ ಅಷ್ಟು ಹೊತ್ತು ನಿಂತಿತ್ತಲ್ಲ, ನೋಡ್ಕೊಂಡೇ ಇರ್ತಾರೆ ಅಂತ."

ಅಷ್ಟು ಹೊತ್ತು ನಿಂತಿತ್ತು. ನಾನು ಬ್ರೆಡ್ಡು ತಿನ್ನುತ್ತಿದ್ದೆ. ಅವಳಿಗೆ ಅದನ್ನೇ ಹೇಳಿದೆ. ಎಲ್ಲವನ್ನೂ ಹೇಳಿದೆ, ನೀರಿನಲ್ಲಿ ನಿಂತುಕೊಂಡೇ. ಮೆಟ್ಟಿಲ ಬಳಿ ಹೋಗಿ ಹೇಳುವ ಧೈರ್ಯವಾಗಲಿಲ್ಲ. ಅವಳು ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಎದ್ದಳು.

"ನನಗೆ ಹೇಳಿದ್ರೆ ಡಿನೆಕೆಗೆ ಏನು ಬಂತು? ಯಾರ ಮುಂದೆ 'ಇಲ್ಲ' ಅಂದ್ಯೋ ಅವರ ಮುಂದೆ ಹೋಗಿ ಹೇಳು."

ಬಾಗಿಲು ಹಾಕಿಕೊಂಡಳು. ಕ್ಷಮಿಸಲಿಲ್ಲ, ನಾನು ಕೇಳಲೂ ಇಲ್ಲ.

ಆದ್ದರಿಂದ, ಮಾನ್ಯರೇ, ನಿಮ್ಮಲ್ಲಿ ನನ್ನ ಒತ್ತಾಯ ಹೀಗಿದೆ. ಹನ್ನೊಂದು ದಿನದೊಳಗೆ ಆ ಸಭೆಯನ್ನು ಮತ್ತೆ ಕರೆಯಿರಿ. ಅದೇ ಮೇಜು, ಅದೇ ಕುರ್ಚಿಗಳು. ಬುಡದ ಖಾನೆಯಲ್ಲಿರುವ ಅವಳ ಅಕ್ಷರಗಳನ್ನು ಅಳಿಸಿ. ಕೆಲಸವನ್ನು ಅವಳಿಗೆ ಹಿಂದಿರುಗಿಸಿ. ಈ ಪತ್ರಿಕೆಯಲ್ಲೇ, ಇಷ್ಟೇ ದೊಡ್ಡ ಜಾಗದಲ್ಲಿ, ಅವಳ ಹೆಸರು ಹಿಡಿದು ಕ್ಷಮೆ ಕೇಳಿ. ಅವಳು ಆ ಮೂರು ಗಂಟೆ ಹೋದದ್ದು ನಿಯಮಕ್ಕೆ ವಿರುದ್ಧ ಎನ್ನುವಿರಾ? ಬರೆದುಕೊಳ್ಳಿ. ಹಾಗೆಯೇ ಅದರ ಪಕ್ಕದಲ್ಲಿ, ನಿಮ್ಮ ನಿಯಮ ಇಬ್ಬರನ್ನು ಬಯಸಿದ ಹದಿನಾಲ್ಕು ವರ್ಷ ಅವಳು ಒಬ್ಬಳೇ ಇಬ್ಬರಾಗಿದ್ದಳು ಎಂದೂ ಬರೆದುಕೊಳ್ಳಿ. ನನ್ನನ್ನು ಏನು ಮಾಡಬೇಕೆಂಬುದು ನಿಮಗೆ ಬಿಟ್ಟದ್ದು. ಹೂಗುಚ್ಛವನ್ನು ಸಭೆಗೆ ತರುತ್ತೇನೆ, ಹಿಂದಕ್ಕೆ ತೆಗೆದುಕೊಳ್ಳಿ.

ಡಿನೆಕೆಯನ್ನು ಈ ಬಾರಿ ಏನೂ ಕೇಳಬೇಡಿ. ಅವಳು ಸಾಕಷ್ಟು ಮಾಡಿದ್ದಾಳೆ. ನನ್ನ ಕಡೆ ತಿರುಗಿ ಆ ಪ್ರಶ್ನೆಯನ್ನು ಮತ್ತೊಂದು ಸಲ ಕೇಳಿ, ನನಗೆ ಸೇರಿಸಲು ಏನಾದರೂ ಇದೆಯೇ ಎಂದು. ಇದೆ.

ಇಂತಿ,
ಈ ಸಲ ಒಂದೇ ಹೆಸರು, ಅದೂ ಸ್ವಂತದ್ದು,
ಎವರ್ಟ್ ಲೋಕ್‌ಹೋರ್ಸ್ಟ್
ಏರಿ ಕಾವಲುಗಾರ, ಇಲ್ಲಿಯವರೆಗೆ ನೆತ್ತಿಯ ಮೇಲೆ ಮಾತ್ರ